ಮರಗೆಲಸ ಪ್ರಶ್ನೋತ್ತರ: ಕಾಪಿ ಲೇತ್‌ಗೆ ಎಂಥ ಟೂಲ್ ಬೇಕು?

ಈ ಸಲ ಬಂದ ಪತ್ರಗಳಲ್ಲಿ ಕಾಪಿ ಲೇತ್ ಬಗ್ಗೆಯೇ ಜಾಸ್ತಿ ಇದ್ದವು. ಹಾಗಾಗಿ ಅಂಕಣ ಪೂರ್ತಿ ಅದಕ್ಕೇ. ಈ ಯಂತ್ರ ನೋಡದವರಿಗೆ ಒಂದು ಮಾತು: ಮಾದರಿ ಕಾಲನ್ನೋ ತಗಡಿನ ಟೆಂಪ್ಲೇಟನ್ನೋ ಯಂತ್ರಕ್ಕೆ ಕಟ್ಟುತ್ತಾರೆ. ಅದರ ಅಂಚನ್ನು ಫಾಲೋವರ್ ಅನ್ನುವ ಸಣ್ಣ ತುದಿ ಸವರಿಕೊಂಡು ಹೋಗುತ್ತದೆ, ಅದು ಒಳಗೆ ಹೋದರೆ ಮರ ಕೊಯ್ಯುವ ಟೂಲೂ ಒಳಗೆ, ಅದು ಹೊರಗೆ ಬಂದರೆ ಟೂಲೂ ಹೊರಗೆ. ತಿರುಗುವ ಮರ ಅದೇ ಆಕಾರಕ್ಕೆ ಬರುತ್ತದೆ. ಮಂಚದ ಕಾಲು, ಮೆಟ್ಟಿಲಿನ ಕಂಬಿ, ತೊಟ್ಟಿಲಿನ ಕಡ್ಡಿ, ಹೀಗೆ ಒಂದೇ ಥರದ್ದು ನೂರಾರು ಬೇಕಾದಾಗ ಇದಕ್ಕಿಂತ ಒಳ್ಳೆಯ ಯಂತ್ರ ಇಲ್ಲ.

ಪ್ರಶ್ನೆ (ಶಿರಸಿ): ಸಾರ್, ನಾವು ಮಂಚದ ಕಾಲು ಮತ್ತು ಮೆಟ್ಟಿಲಿನ ಕಂಬಿ ಮಾಡುತ್ತೇವೆ. ಹೆಚ್ಚಿನದು ಸಾಗುವಾನಿ, ಸ್ವಲ್ಪ ಅಕೇಶಿಯಾ. ಹೊಸದಾಗಿ ಕಾಪಿ ಲೇತ್ ತಂದಿದ್ದೇವೆ. ಯಂತ್ರದ ಜೊತೆ ಹೈ ಸ್ಪೀಡ್ ಸ್ಟೀಲಿನ, ಅಂದರೆ ಎಚ್‌ಎಸ್‌ಎಸ್ ಟೂಲ್ ಕೊಟ್ಟಿದ್ದಾರೆ. ಅಂಗಡಿಯವರು ಅದನ್ನು ಬಿಡಿ, ಅದಕ್ಕಿಂತ ಗಡಸಾದ ಕಾರ್ಬೈಡ್ ಹಾಕಿ ಅನ್ನುತ್ತಾರೆ. ಅದರ ರೇಟು ಬಹಳ. ಯಾವುದು ತೆಗೆದುಕೊಳ್ಳೋಣ?

ಉತ್ತರ: ಕಾರ್ಬೈಡಾ ಎಚ್‌ಎಸ್‌ಎಸ್ಸಾ ಅನ್ನೋದು ಎರಡನೇ ಪ್ರಶ್ನೆ. ಮೊದಲು ನೀವು ಕಡೆಯಬೇಕಾದ ಕಾಲನ್ನು ಮೇಜಿನ ಮೇಲಿಟ್ಟು ನೋಡಿ. ಅತಿ ಕಿರಿದಾದ ತಗ್ಗು ಎಲ್ಲಿದೆ, ಅತಿ ಕಡಿದಾದ ಗೋಡೆ ಎಲ್ಲಿದೆ, ಎರಡಕ್ಕೂ ಪೆನ್ಸಿಲ್ ಗುರುತು ಹಾಕಿ. ಟೂಲ್ ಆಯ್ಕೆ ಶುರುವಾಗಬೇಕಾದ್ದು ಅಲ್ಲಿಂದ.

ತಗ್ಗಿನ ತಳದ ದುಂಡು 3 ಮಿ.ಮೀ. ರೇಡಿಯಸ್ ಇದ್ದರೆ ಟೂಲಿನ ಮೂತಿಯ ರೇಡಿಯಸ್ 3ಕ್ಕಿಂತ ಕಮ್ಮಿ ಇರಲೇಬೇಕು. ಇಲ್ಲದಿದ್ದರೆ ಅದು ತಳ ಮುಟ್ಟುವುದೇ ಇಲ್ಲ, ಎಷ್ಟು ದುಬಾರಿ ಕಾರ್ಬೈಡ್ ಆದರೂ ಅಷ್ಟೇ. ಗೋಡೆಯ ಲೆಕ್ಕವೂ ಸುಲಭ. 55 ಡಿಗ್ರಿ ತುದಿ ಇರುವ ವಿ ಆಕಾರದ ಟೂಲನ್ನು ಮರಕ್ಕೆ ನೇರವಾಗಿ ನಿಲ್ಲಿಸಿದರೆ ಎರಡು ಪಕ್ಕಕ್ಕೂ 27.5 ಡಿಗ್ರಿ ಹೋಗುತ್ತದೆ. 90ರಲ್ಲಿ ಅದನ್ನು ಕಳೆದರೆ 62.5. ಅದಕ್ಕಿಂತ ಕಡಿದಾದ ಗೋಡೆ ಆ ಟೂಲಿನಲ್ಲಿ ಬರಲ್ಲ, ಟೂಲಿನ ಪಕ್ಕವೇ ಗೋಡೆಯನ್ನು ತಿಂದು ಹಾಕುತ್ತದೆ. 35 ಡಿಗ್ರಿ ತುದಿಯಾದರೆ 72.5ರವರೆಗೆ ಹೋಗಬಹುದು. ನೆಟ್ಟಗೆ 90 ಡಿಗ್ರಿ ನಿಲ್ಲುವ ಮೆಟ್ಟಿಲು ಇದ್ದರೆ ಅದನ್ನು ಕಾಪಿ ಲೇತ್‌ನ ವಿ ಟೂಲ್‌ಗೆ ಬಿಡಬೇಡಿ. ಸ್ವಲ್ಪ ಮರ ಉಳಿಸಿಕೊಂಡು, ಕೊನೆಗೆ ಕೈಯಲ್ಲಿ ಪಾರ್ಟಿಂಗ್ ಟೂಲ್ (ಕಿರಿದಾದ ಉಳಿ) ಹಿಡಿದು ಬಿಡಿಸಿ. ಗಿರಾಕಿ ಒಪ್ಪಿದರೆ ಡಿಸೈನ್‌ನಲ್ಲೇ ಆ ಗೋಡೆಯನ್ನು ತುಸು ವಾಲಿಸಿಬಿಡಿ, ಎಷ್ಟೋ ಕೆಲಸ ಉಳಿಯುತ್ತದೆ.

ಹಾಗಂತ ಎಲ್ಲದಕ್ಕೂ 35 ಡಿಗ್ರಿಯ ಚೂಪು ಟೂಲೇ ಹಾಕಬೇಡಿ. ಚೂಪಾದಷ್ಟೂ ತುದಿಯಲ್ಲಿ ಬಲ ಕಮ್ಮಿ. ಚೌಕದ ರೀಪು ಮೊದಲು ಗುಂಡಾಗುವಾಗ ಒಂದು ಸುತ್ತು ತಿರುಗುವಷ್ಟರಲ್ಲಿ ನಾಲ್ಕು ಮೂಲೆಯ ಪೆಟ್ಟು ಬೀಳುತ್ತದೆ, ಆ ಪೆಟ್ಟನ್ನು ಸಣ್ಣ ತುದಿ ತಡೆಯಲ್ಲ. ಅದಕ್ಕೇ ನಾನು ಎಲ್ಲರಿಗೂ ಹೇಳೋದು ಎರಡು ಟೂಲ್ ಇಟ್ಟುಕೊಳ್ಳಿ ಅಂತ. ಒರಟು ಕೆಲಸಕ್ಕೆ ದಪ್ಪ ಮೂತಿಯದು, ಕೊನೆಯ ಅರ್ಧ ಅಥವಾ ಒಂದು ಮಿ.ಮೀ. ತೆಗೆಯಲು ಚೂಪಿನದು. ಒಂದೇ ಟೂಲ್‌ನಲ್ಲಿ ಎರಡನ್ನೂ ಮಾಡಿಸಿದರೆ ಎರಡೂ ಕೆಡುತ್ತವೆ.

ಈಗ ಲೋಹಕ್ಕೆ ಬರೋಣ. ಸಾಗುವಾನಿಯಲ್ಲಿ ಸಿಲಿಕಾ ಇದೆ, ಅಂದರೆ ಮರಳಿನ ಅಂಶ. ಮರ ಮೆತ್ತಗೆ ಅನ್ನಿಸಿದರೂ ಅಲಗನ್ನು ಸವೆಸುತ್ತದೆ. ಬೆಳಿಗ್ಗೆ ಸಾಣೆ ಹಿಡಿದ ಎಚ್‌ಎಸ್‌ಎಸ್ ಟೂಲ್ ಮಧ್ಯಾಹ್ನದ ಹೊತ್ತಿಗೆ ಮೊಂಡಾಗಿ, ಮರವನ್ನು ಕೊಯ್ಯುವ ಬದಲು ಉಜ್ಜಲು ಶುರು ಮಾಡುವುದು ಇದರಿಂದಲೇ. ದಿನವಿಡೀ ಸಾಗುವಾನಿ ಕಡೆಯುವವರಿಗೆ ಕಾರ್ಬೈಡ್ ಕೊಟ್ಟ ದುಡ್ಡನ್ನು ಖಂಡಿತ ವಾಪಸ್ ತರುತ್ತದೆ. ಅದರಲ್ಲೂ ಮೊಂಡಾದಾಗ ತಿರುಗಿಸಿ ಇನ್ನೊಂದು ಅಂಚು ಬಳಸುವ ಸಣ್ಣ ಬಿಲ್ಲೆ, ಅಂದರೆ ಇನ್ಸರ್ಟ್ ತೆಗೆದುಕೊಂಡರೆ ಸೆಟ್ಟಿಂಗ್ ಹೆಚ್ಚುಕಮ್ಮಿ ಹಾಗೇ ಉಳಿಯುತ್ತದೆ. ಸಾಣೆ ಹಿಡಿದ ಟೂಲನ್ನು ಮತ್ತೆ ಕೂರಿಸಿದಾಗಲೆಲ್ಲ ಅಳತೆ ಹೊಂದಿಸಬೇಕು, ನೂರು ಕಂಬಿಯ ಆರ್ಡರ್ ಮಧ್ಯದಲ್ಲಿ ಅದು ದೊಡ್ಡ ತಲೆನೋವು.

ಆದರೆ ಎಚ್‌ಎಸ್‌ಎಸ್ ಟೂಲನ್ನು ಎಸೆಯಬೇಡಿ. ಕಾರ್ಬೈಡ್ ಅಂದರೆ ಟಂಗ್‌ಸ್ಟನ್ ಕಾರ್ಬೈಡಿನ ಸಣ್ಣ ಕಣಗಳನ್ನು ಕೋಬಾಲ್ಟ್ ಹಾಕಿ ಅಂಟಿಸಿದ್ದು. ಅದನ್ನು ಎಷ್ಟು ನಯ ಮಾಡಿದರೂ, ಚೆನ್ನಾಗಿ ಮಸೆದ ಎಚ್‌ಎಸ್‌ಎಸ್‌ನಷ್ಟು ತೆಳು ಅಂಚು ಬರುವುದು ಕಷ್ಟ. ಮೆತ್ತನೆಯ ಮರಕ್ಕೆ, ನಾರು ಬೇಗ ಕಿತ್ತು ಬರುವ ಮರಕ್ಕೆ ಎಚ್‌ಎಸ್‌ಎಸ್ಸೇ ಚೆಂದ. ಇನ್ನೊಂದು, ನಿಮ್ಮ ಕಡೆ ಹಳೆ ಮನೆ ಕೆಡವಿದ ತೊಲೆಗಳನ್ನು ಸೀಳಿ ಕಾಲು ಮಾಡಿಸುವವರು ಬರುತ್ತಾರೆ ಅಲ್ವಾ? ಅದರೊಳಗೆ ಒಂದು ತುಕ್ಕು ಮೊಳೆ ಉಳಿದಿದ್ದರೂ ಕಾರ್ಬೈಡ್ ಚಕ್ಕೆ ಎದ್ದು ಹಾಳಾಗುತ್ತದೆ. ಎಚ್‌ಎಸ್‌ಎಸ್‌ಗೂ ಏಟು ಬೀಳುತ್ತದೆ, ಆದರೆ ಉಜ್ಜಿ ಸರಿ ಮಾಡಬಹುದು. ಹಳೆ ಮರಕ್ಕೆ ಮೊದಲು ಒಂದು ಒಳ್ಳೆ ಆಯಸ್ಕಾಂತ ಓಡಿಸಿ ನೋಡಿ, ಆಮೇಲೆ ಎಚ್‌ಎಸ್‌ಎಸ್‌ನಲ್ಲೇ ಕಡೆಯಿರಿ.

ಪ್ರಶ್ನೆ (ತಿಪಟೂರು): ಮಾದರಿ ಕಾಲಿನಲ್ಲಿ ಇರುವುದಕ್ಕಿಂತ ತಗ್ಗುಗಳು ಅಗಲವಾಗಿ, ಉಬ್ಬುಗಳು ಸಣಕಲಾಗಿ ಬರುತ್ತಿವೆ. ಟೂಲ್ ಸ್ವಲ್ಪ ಹಿಂದಕ್ಕೆ ಎಳೆದರೆ ದಪ್ಪ ಸರಿಹೋಗುತ್ತದೆ, ಆಕಾರ ಮಾತ್ರ ಸರಿಹೋಗಲ್ಲ. ಯಂತ್ರದ ದೋಷವೇ?

ಉತ್ತರ: ನೀವು ಹೇಳಿದ ಲಕ್ಷಣ ನೋಡಿದರೆ ಯಂತ್ರದ ದೋಷ ಅಲ್ಲ, ಜೋಡಿ ತಪ್ಪಿದೆ. ನಿಮ್ಮ ಟೂಲಿನ ಮೂತಿ ಫಾಲೋವರ್‌ನ ಮೂತಿಗಿಂತ ದಪ್ಪ ಇದೆ.

ಹೇಗೆ ಅಂತ ನೋಡಿ. ಫಾಲೋವರ್‌ನ ಮೂತಿ 1 ಮಿ.ಮೀ. ರೇಡಿಯಸ್, ಟೂಲಿನದು 3 ಮಿ.ಮೀ. ಅಂತಿಟ್ಟುಕೊಳ್ಳಿ. ಫಾಲೋವರ್ ಮಾದರಿಯ ಅಂಚನ್ನು ಮುಟ್ಟಿಕೊಂಡು ಹೋಗುವಾಗ ಟೂಲಿನ ಅಂಚು ಎಲ್ಲಾ ದಿಕ್ಕಿನಲ್ಲೂ 2 ಮಿ.ಮೀ. ಮುಂದಕ್ಕೆ ಚಾಚಿರುತ್ತದೆ. ಉಬ್ಬನ್ನು ಎರಡೂ ಪಕ್ಕದಿಂದ 2 ಮಿ.ಮೀ. ತಿನ್ನುತ್ತದೆ, ತಗ್ಗನ್ನು ಎರಡೂ ಪಕ್ಕಕ್ಕೆ 2 ಮಿ.ಮೀ. ಅಗಲ ಮಾಡುತ್ತದೆ. ನೀವು ಟೂಲ್ ಹಿಂದಕ್ಕೆ ಎಳೆದಾಗ ದಪ್ಪ ಸರಿಹೋಯಿತು, ಯಾಕೆಂದರೆ ಆ ದಿಕ್ಕಿನ 2 ಮಿ.ಮೀ. ವಾಪಸ್ ಬಂತು. ಉದ್ದದ ದಿಕ್ಕಿನ 2 ಮಿ.ಮೀ. ಹಾಗೇ ಉಳಿಯಿತು. ಉಲ್ಟಾ ಆದರೆ, ಅಂದರೆ ಫಾಲೋವರ್ ದಪ್ಪ ಟೂಲ್ ಸಣ್ಣ ಇದ್ದರೆ, ಉಬ್ಬು ಊದಿಕೊಂಡು ತಗ್ಗು ಇರುಕಾಗುತ್ತದೆ.

ಆದ್ದರಿಂದ ಟೂಲ್ ಕೊಳ್ಳುವಾಗ ಅದಕ್ಕೆ ಸರಿಯಾದ ಫಾಲೋವರನ್ನೂ ಜೊತೆಗೇ ಮಾಡಿಸಿ. ಮೂತಿಯ ರೇಡಿಯಸ್ ಒಂದೇ ಇರಬೇಕು, ಪಕ್ಕದ ಕೋನವೂ ಒಂದೇ ಇರಬೇಕು. ಫಾಲೋವರ್ ಟೂಲಿಗಿಂತ ಚೂಪಾಗಿದ್ದರೆ, ಅದು ಇರುಕು ಜಾಗಕ್ಕೆ ನುಸುಳಿ ಹೋದಾಗ ಟೂಲಿನ ಅಗಲ ಪಕ್ಕ ಮರವನ್ನು ಕಡಿಯುತ್ತದೆ. ಇದು ಇವತ್ತಿನ ಜ್ಞಾನ ಏನಲ್ಲ. ಅಮೆರಿಕದ ಥಾಮಸ್ ಬ್ಲಾಂಚರ್ಡ್ 1819ರಲ್ಲಿ ಬಂದೂಕಿನ ಹಿಡಿ ಕಡೆಯುವ ಕಾಪಿ ಲೇತ್‌ಗೆ ಪೇಟೆಂಟ್ ಪಡೆದರು. ಅದರಲ್ಲಿ ಮಾದರಿಯ ಮೇಲೆ ಒಂದು ಚಕ್ರ ಉರುಳುತ್ತದೆ, ಮರದ ಮೇಲೆ ಅಲಗುಗಳಿರುವ ಇನ್ನೊಂದು ಚಕ್ರ ತಿರುಗುತ್ತದೆ. ಅಂಥ ಯಂತ್ರದಲ್ಲೂ ಎರಡು ಚಕ್ರ ಒಂದೇ ಅಳತೆಯದಾಗಿದ್ದರೆ ಮಾತ್ರ ನಕಲು ನಿಜವಾಗಿ ಬರುತ್ತದೆ.

ಎಚ್‌ಎಸ್‌ಎಸ್ ಟೂಲನ್ನು ಪದೇಪದೇ ಸಾಣೆ ಹಿಡಿಯುವವರು ಇನ್ನೊಂದು ಗಮನಿಸಿ. ಪ್ರತಿ ಸಾಣೆಗೂ ಮೂತಿ ಸ್ವಲ್ಪ ಬದಲಾಗುತ್ತದೆ. ತಗಡಿನಲ್ಲಿ ಮೂತಿಯ ಆಕಾರ ಕೊರೆದು ಒಂದು ಗೇಜ್ ಮಾಡಿ ಗೋಡೆಗೆ ತೂಗುಹಾಕಿ. ಸಾಣೆ ಹಿಡಿದ ಮೇಲೆ ಅದರಲ್ಲಿ ಕೂರಿಸಿ, ಬೆಳಕಿಗೆ ಹಿಡಿದು ನೋಡಿ.

ಪ್ರಶ್ನೆ (ಬೆಳಗಾವಿ): ದಪ್ಪ ಭಾಗದ ಅಳತೆ ಸರಿಯಾಗಿ ಬರುತ್ತದೆ. ತೆಳು ಕುತ್ತಿಗೆ ಮಾತ್ರ ಅರ್ಧ ಮಿ.ಮೀ.ಗಿಂತ ಜಾಸ್ತಿ ದಪ್ಪ ಬರುತ್ತದೆ. ಫಾಲೋವರ್ ಸರಿಯಾಗಿಯೇ ಇದೆ.

ಉತ್ತರ: ಟೂಲ್ ಸೆಂಟರ್ ಹೈಟ್‌ನಲ್ಲಿ ಇಲ್ಲ. ಚಪ್ಪಟೆ ಟೂಲ್ ಆದರೆ ಅದರ ತುದಿ, ಮರವನ್ನು ಎರಡು ಕೊನೆಯಲ್ಲೂ ಹಿಡಿಯುವ ಎರಡು ಸೆಂಟರ್‌ಗಳನ್ನು ಸೇರಿಸುವ ಗೆರೆಯ ಎತ್ತರದಲ್ಲೇ ಇರಬೇಕು. 2 ಮಿ.ಮೀ. ಕೆಳಗಿದ್ದರೆ 60 ಮಿ.ಮೀ. ದಪ್ಪದ ಜಾಗದಲ್ಲಿ ಬರುವ ವ್ಯತ್ಯಾಸ 0.13 ಮಿ.ಮೀ. ಅಷ್ಟೇ, ಯಾರಿಗೂ ಗೊತ್ತಾಗಲ್ಲ. ಅದೇ 12 ಮಿ.ಮೀ. ಕುತ್ತಿಗೆಯಲ್ಲಿ 0.65 ಮಿ.ಮೀ. ಆಗುತ್ತದೆ. ಟೂಲಿನ ಕೆಳಗೆ ತಗಡಿನ ಪ್ಯಾಕಿಂಗ್ ಕೊಟ್ಟು, ಮರದ ಕೊನೆಯನ್ನು ಒತ್ತಿ ಹಿಡಿಯುವ ಟೇಲ್ ಸ್ಟಾಕ್‌ನ ಸೆಂಟರ್ ತುದಿಗೆ ತಾಗಿಸಿ ಎತ್ತರ ಹೊಂದಿಸಿ. ನಿಮ್ಮದು ಮೇಲಿಂದ ಓರೆಯಾಗಿ ಕೊಯ್ಯುವ ಟೊಳ್ಳು ವಿ ಟೂಲ್ ಆಗಿದ್ದರೆ ಈ ಲೆಕ್ಕ ಬೇರೆ, ಯಂತ್ರದವರು ಹೇಳಿದ ಕೋನದಲ್ಲೇ ಇಡಬೇಕು.

ಪ್ರಶ್ನೆ (ಚನ್ನಪಟ್ಟಣ): ಆಲೆ ಮರದಲ್ಲಿ ಗೊಂಬೆಯ ಭಾಗಗಳನ್ನು ಕಾಪಿ ಲೇತ್‌ನಲ್ಲಿ ತೆಗೆದು, ಆಮೇಲೆ ಅರಗಿನ ಬಣ್ಣ ಹಾಕುತ್ತೇವೆ. ಬರೀ ಮರ ನೋಡಿದಾಗ ನಯವಾಗಿ ಕಾಣುತ್ತದೆ. ಬಣ್ಣ ಹಾಕಿದ ಮೇಲೆ ಸಣ್ಣ ಸಣ್ಣ ಗೆರೆ ಏಳುತ್ತವೆ. ಟೂಲ್ ಬದಲಿಸಬೇಕಾ?

ಉತ್ತರ: ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಅರಗಿನ ಹೊಳಪು ಏನನ್ನೂ ಮುಚ್ಚಿಡಲ್ಲ, ಅಡಿಯ ಗೆರೆಯನ್ನು ಇನ್ನೂ ಎತ್ತಿ ತೋರಿಸುತ್ತದೆ. ಅದಕ್ಕೇ ಆ ಕಸುಬಿನವರ ಕೈ ಅಷ್ಟು ನಯ. ಕೈಯಲ್ಲಿ ಉಳಿ ಹಿಡಿದವರು ಅಲಗನ್ನು ಓರೆ ಮಾಡಿ ಜಾರಿಸುತ್ತಾರೆ, ಯಂತ್ರದ ಟೂಲ್ ನೇರ ನಿಂತು ಸ್ಕ್ರೂವಿನ ಸುರುಳಿಯ ಹಾಗೆ ಒಂದು ಗೆರೆ ಸುತ್ತುತ್ತಾ ಹೋಗುತ್ತದೆ. ನಿಮಗೆ ಕಾಣುವುದು ಆ ಗೆರೆ.

ಗೆರೆಯ ಎತ್ತರಕ್ಕೆ ಒಂದು ಸೂತ್ರ ಇದೆ. ಒಂದು ಸುತ್ತಿಗೆ ಟೂಲ್ ಎಷ್ಟು ಮಿ.ಮೀ. ಸರಿಯುತ್ತದೋ ಅದನ್ನು ಅದರಿಂದಲೇ ಗುಣಿಸಿ, ಮೂತಿಯ ರೇಡಿಯಸ್‌ನ ಎಂಟು ಪಟ್ಟಿನಿಂದ ಭಾಗಿಸಿ. ಉದಾಹರಣೆಗೆ ಮರ ನಿಮಿಷಕ್ಕೆ 2000 ಸುತ್ತು ತಿರುಗುತ್ತಿದೆ, ಟೂಲ್ ನಿಮಿಷಕ್ಕೆ 1000 ಮಿ.ಮೀ. ಓಡುತ್ತಿದೆ. ಅಂದರೆ ಸುತ್ತಿಗೆ ಅರ್ಧ ಮಿ.ಮೀ. ಮೂತಿ 0.4 ಮಿ.ಮೀ. ಇದ್ದರೆ ಗೆರೆಯ ಎತ್ತರ ಸುಮಾರು 0.08 ಮಿ.ಮೀ. ಬರುತ್ತದೆ. ಮೂತಿ 0.8 ಆದರೆ 0.04. ಮೂತಿ 2 ಮಿ.ಮೀ. ಆದರೆ 0.016ಕ್ಕೆ ಇಳಿಯುತ್ತದೆ.

ಮೂತಿ ಹಾಗೇ ಇಟ್ಟು ಓಟವನ್ನು ಅರ್ಧ ಮಾಡಿದರೆ ಗೆರೆ ಕಾಲು ಭಾಗಕ್ಕೆ ಇಳಿಯುತ್ತದೆ. ಇದು ಪುಕ್ಕಟೆ ಮದ್ದು, ಮೊದಲು ಇದನ್ನೇ ಮಾಡಿ. ಟೂಲ್ ಬದಲಿಸುವ ಮಾತು ಆಮೇಲೆ. ಗೊಂಬೆಯ ತಲೆ, ಹೊಟ್ಟೆ, ಚಕ್ರ ಇವೆಲ್ಲ ದೊಡ್ಡ ದೊಡ್ಡ ದುಂಡು. ಅದಕ್ಕೆ 0.4 ಮೂತಿಯ ಸೂಜಿಯಂಥ ಟೂಲ್ ಬೇಕಾಗಿಯೇ ಇಲ್ಲ. ಆಕಾರ ಬಿಟ್ಟಷ್ಟೂ ದಪ್ಪ ಮೂತಿ ಹಾಕಿ, ಅದಕ್ಕೆ ಸರಿಯಾದ ಫಾಲೋವರ್ ಜೊತೆಗೆ. ಆದರೆ ಮೂತಿ ದಪ್ಪ ಆದಷ್ಟೂ ಮರವನ್ನು ಒತ್ತುವ ಜೋರೂ ಜಾಸ್ತಿ. ಸಣ್ಣ ಕಡ್ಡಿಯಂಥ ಭಾಗ ಆದರೆ ನಡುಗುತ್ತದೆ, ಅಲ್ಲಿ ಸಣ್ಣ ಮೂತಿ ಮತ್ತು ನಿಧಾನ ಓಟವೇ ಸರಿ.

ಆಲೆ ಮರ ಮೆತ್ತಗೆ, ಎಳೆ ಸಣ್ಣ. ಅದಕ್ಕೆ ಎಚ್‌ಎಸ್‌ಎಸ್ ಸಾಕು, ಕಾರ್ಬೈಡ್‌ಗೆ ದುಡ್ಡು ಹಾಕುವ ಅಗತ್ಯ ನನಗೆ ಕಾಣಲ್ಲ. ಕೊನೆಯ ಸವರಿಕೆ ಕೈಯಲ್ಲೇ ಆಗಲಿ. ಅನುಭವ ಇರುವ ಕೈ ಒಂದು ಸಲ ಉಳಿ ಜಾರಿಸಿದರೆ ಬರುವ ಮೈ ಯಾವ ಇನ್ಸರ್ಟಿನಲ್ಲೂ ಬರಲ್ಲ. ಯಂತ್ರ ತಂದ ಮೇಲೂ ಆ ಕೈಗಳಿಗೆ ಕೆಲಸ ಇರಲಿ ಅಂತ ನನ್ನ ಆಸೆ.

ಪ್ರಶ್ನೆ (ಪುತ್ತೂರು): ಹಲಸಿನ ಮರದ ಕಂಬಿ ಕಡೆಯುತ್ತೇವೆ. ಪ್ರತಿ ಉಬ್ಬಿನ ಒಂದು ಪಕ್ಕ ಕನ್ನಡಿ ಥರ ಬರುತ್ತದೆ, ಇನ್ನೊಂದು ಪಕ್ಕದಲ್ಲಿ ನಾರು ಕಿತ್ತು ಬರುತ್ತದೆ. ಒಂದೇ ಟೂಲ್, ಒಂದೇ ಮರ. ಯಾಕೆ ಹೀಗೆ?

ಉತ್ತರ: ಕೈಯಲ್ಲಿ ಕಡೆಯುವವರು ಯಾವಾಗಲೂ ದಪ್ಪದಿಂದ ತೆಳುವಿನ ಕಡೆಗೆ ಇಳಿಸುತ್ತಾರೆ. ಹಾಗೆ ಇಳಿಯುವಾಗ ಅಲಗು ಕೊಯ್ಯುವ ಎಳೆಗೆ ಅಡಿಯಲ್ಲಿ ಬೇರೆ ಎಳೆಗಳ ಆಸರೆ ಇರುತ್ತದೆ. ಹತ್ತುವಾಗ ಆಸರೆ ಇರಲ್ಲ, ಎಳೆ ಎದ್ದು ಸಿಗುರಾಗಿ ಕಿತ್ತು ಬರುತ್ತದೆ. ಕಾಪಿ ಲೇತ್ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ದಿಕ್ಕಿನಲ್ಲಿ ಓಡುತ್ತದೆ. ಪ್ರತಿ ಉಬ್ಬನ್ನು ಒಮ್ಮೆ ಹತ್ತಲೇಬೇಕು, ಒಮ್ಮೆ ಇಳಿಯಲೇಬೇಕು. ಹಲಸಿನಲ್ಲಿ ಎಳೆ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಇನ್ನೂ ಕಷ್ಟ.

ಪೂರ್ತಿ ಹೋಗಿಸಲು ಆಗಲ್ಲ, ಬಹಳ ಕಮ್ಮಿ ಮಾಡಬಹುದು. ಕೊನೆಯ ಪಾಸ್‌ಗೆ ಅರ್ಧ ಮಿ.ಮೀ. ಮಾತ್ರ ಉಳಿಸಿಕೊಳ್ಳಿ. ಆ ಪಾಸ್‌ಗೆ ಆಗಷ್ಟೇ ಮಸೆದ ಟೂಲ್ ಹಾಕಿ, ಇಡೀ ದಿನ ಒರಟು ಕೆಲಸ ಮಾಡಿದ ಟೂಲ್ ಬೇಡ. ಯಂತ್ರ ಎರಡೂ ದಿಕ್ಕಿಗೆ ಓಡುವಂಥದ್ದಾದರೆ ವಾಪಸ್ ಬರುವಾಗಲೂ ತೆಳುವಾಗಿ ಕೊಯ್ಯಲು ಬಿಡಿ. ಮತ್ತೆ, ಟೂಲ್ ಕೊಳ್ಳುವಾಗ ಮೇಲ್ಮೈ ಚಪ್ಪಟೆಯಾಗಿ ಕೆರೆಯುವಂಥದ್ದಕ್ಕಿಂತ ಅಂಚು ಓರೆಯಾಗಿ ಮರಕ್ಕೆ ತಾಗುವಂಥದ್ದನ್ನು ಆರಿಸಿ, ಇಂಥ ಮರಕ್ಕೆ ಅದರಿಂದ ಎಷ್ಟೋ ವ್ಯತ್ಯಾಸ ಆಗುತ್ತದೆ. ಮರ ಒಣಗಿದೆಯಾ ಅಂತಲೂ ನೋಡಿಕೊಳ್ಳಿ. ತೇವ ಶೇ. 12ರ ಆಸುಪಾಸಿಗೆ ಇಳಿದಿರಬೇಕು. ಹಸಿ ಇದ್ದರೆ ನಾರು ಬಾಗಿ ತಪ್ಪಿಸಿಕೊಳ್ಳುತ್ತದೆ, ಆಮೇಲೆ ಒಣಗಿದಾಗ ಕೂದಲಿನ ಥರ ಎದ್ದು ನಿಲ್ಲುತ್ತದೆ.

ಪ್ರಶ್ನೆ (ಹುಬ್ಬಳ್ಳಿ): ನಮ್ಮದು ಮೊದಲಿಂದ ಕಬ್ಬಿಣದ ಲೇತ್ ಕೆಲಸ. ಇನ್ಸರ್ಟ್‌ಗಳು ರಾಶಿ ಬಿದ್ದಿವೆ. ಅವನ್ನೇ ಮರಕ್ಕೆ ಹಾಕಬಹುದಾ?

ಉತ್ತರ: ಕಬ್ಬಿಣಕ್ಕೆ ಮಾಡಿದ ಇನ್ಸರ್ಟ್‌ಗಳ ಅಂಚನ್ನು ಬೇಕಂತಲೇ ಸ್ವಲ್ಪ ದುಂಡು ಮಾಡಿರುತ್ತಾರೆ, ಒಡೆಯದಿರಲಿ ಅಂತ. ಮರಕ್ಕೆ ಅದು ಮೊಂಡು ಟೂಲೇ. ಸಿಸಿಎಂಟಿ ಅಂತ ಬರೆದಿರುವುದನ್ನು ಬಿಡಿ. ಅಲ್ಯೂಮಿನಿಯಂಗೆ ಅಂತ ಬರುವ, ಮೇಲ್ಮೈ ಮಿರುಗುವ ಇನ್ಸರ್ಟ್ ಇದ್ದರೆ ಅದು ಮರಕ್ಕೂ ಚೆನ್ನಾಗಿ ನಡೆಯುತ್ತದೆ. ಅದರ ಅಂಚು ಸಾಣೆ ಹಿಡಿದು ಹರಿತ ಮಾಡಿದ್ದು.

ಡಬ್ಬಿಯ ಮೇಲಿನ ಹೆಸರು ಓದುವುದು ಹೀಗೆ. ವಿಸಿಜಿಟಿ 160404 ಅಂದರೆ, ಮೊದಲ ಅಕ್ಷರ ವಿ 35 ಡಿಗ್ರಿ ತುದಿ (ಡಿ ಆದರೆ 55, ಸಿ ಆದರೆ 80). ಎರಡನೇ ಅಕ್ಷರ ಸಿ ಅಂದರೆ ಅಂಚಿನ ಕೆಳಗೆ 7 ಡಿಗ್ರಿ ಬಿಡುವು. ಎನ್ ಇದ್ದರೆ ಬಿಡುವು ಸೊನ್ನೆ, ಅಂಥದ್ದನ್ನು ಮರಕ್ಕೆ ಮುಟ್ಟಲೇಬೇಡಿ. ಮೂರನೆಯದು ಜಿ ಆದರೆ ಸಾಣೆ ಹಿಡಿದದ್ದು. ಕೊನೆಯ 04 ಮೂತಿಯ ರೇಡಿಯಸ್, ಅಂದರೆ 0.4 ಮಿ.ಮೀ. ಬ್ರೇಜ್ ಮಾಡಿದ, ಅಂದರೆ ಉಕ್ಕಿನ ಹಿಡಿಗೆ ಬೆಸೆದ ಕಾರ್ಬೈಡ್ ಟೂಲ್ ಆದರೆ ಪಿ30 ಗ್ರೇಡ್ ಬೇಡ, ಅದು ಉಕ್ಕಿಗೆ. ಕೆ10 ಕೇಳಿ.

ಪ್ರಶ್ನೆ (ದಾವಣಗೆರೆ): ಹಳೆ ಅರ ಉಜ್ಜಿ ಟೂಲ್ ಮಾಡಿಕೊಳ್ಳಬಹುದಾ? ನಮ್ಮ ತಂದೆಯವರು ಮಾಡುತ್ತಿದ್ದರು.

ಉತ್ತರ: ಕಾಪಿ ಲೇತ್‌ಗೆ ಬೇಡ. ಅರ ಬಹಳ ಗಡಸು, ಹಾಗಾಗಿ ಗಾಜಿನಂತೆ ಪಟ್ಟನೆ ಮುರಿಯುತ್ತದೆ. ಯಂತ್ರ ನಿಮ್ಮ ಕೈಯಂತೆ ಪೆಟ್ಟು ಬಿದ್ದಾಗ ಹಿಂದೆ ಸರಿಯಲ್ಲ, ಮುರಿದ ತುಂಡು ಮುಖಕ್ಕೆ ಬರುತ್ತದೆ. ಅಲ್ಲದೆ ಅರ ಕಾರ್ಬನ್ ಸ್ಟೀಲ್. ಸಾಣೆಯಲ್ಲಿ ಒಮ್ಮೆ ನೀಲಿಗೆ ತಿರುಗಿತು ಅಂದರೆ ಗಡಸು ಹೋಯಿತು. ಎಚ್‌ಎಸ್‌ಎಸ್ ಹಾಗಲ್ಲ, ಅಂಚು ನೀಲಿಯಾದರೂ ಗಡಸು ಉಳಿಸಿಕೊಳ್ಳುತ್ತದೆ. ಕಬ್ಬಿಣದ ಲೇತ್‌ಗೆ ಮಾರುವ ಚೌಕದ ಎಚ್‌ಎಸ್‌ಎಸ್ ಟೂಲ್ ಬಿಟ್ ತಂದು ಬೇಕಾದ ಮೂತಿ ಉಜ್ಜಿಕೊಳ್ಳಿ, ಅಗ್ಗವಾಗಿಯೇ ಆಗುತ್ತದೆ.

ಪ್ರಶ್ನೆ (ಕೋಲಾರ): ಕಾರ್ಬೈಡ್ ಟೂಲ್ ಗ್ರೈಂಡರ್‌ನ ಮಾಮೂಲಿ ಕಲ್ಲಿಗೆ ಹಿಡಿದರೆ ಏನೂ ಸವೆಯುವುದಿಲ್ಲ.

ಉತ್ತರ: ಸವೆಯುವುದು ನಿಮ್ಮ ಕಲ್ಲು. ಬ್ರೇಜ್ ಮಾಡಿದ ಕಾರ್ಬೈಡ್‌ಗೆ ಹಸಿರು ಬಣ್ಣದ ಸಿಲಿಕಾನ್ ಕಾರ್ಬೈಡ್ ಕಲ್ಲು ಬೇಕು, ಡೈಮಂಡ್ ವೀಲ್ ಇದ್ದರೆ ಇನ್ನೂ ಒಳ್ಳೆಯದು. ಆದರೆ ಅದೇ ಡೈಮಂಡ್ ವೀಲಿಗೆ ಎಚ್‌ಎಸ್‌ಎಸ್ ಹಿಡಿಯಬೇಡಿ, ಉಕ್ಕಿನ ಬಿಸಿಗೆ ವಜ್ರ ಬೇಗ ಸವೆಯುತ್ತದೆ. ಎಚ್‌ಎಸ್‌ಎಸ್‌ಗೆ ಬಿಳಿ ಕಲ್ಲೋ ಸಿಬಿಎನ್ (ಕ್ಯೂಬಿಕ್ ಬೋರಾನ್ ನೈಟ್ರೈಡ್) ವೀಲೋ ಸರಿ. ಬಿಸಿ ಕಾರ್ಬೈಡನ್ನು ನೀರಿಗೆ ಅದ್ದಿದರೆ ಬಿರುಕು ಬಿಡುತ್ತದೆ. ಇನ್ಸರ್ಟ್ ಆದರೆ ಗ್ರೈಂಡರ್ ಬೇಡವೇ ಬೇಡ, ಸಣ್ಣ ಡೈಮಂಡ್ ಪ್ಲೇಟ್ ಮೇಲೆ ಅದರ ಚಪ್ಪಟೆ ಮುಖವನ್ನು ನಾಲ್ಕು ಸಲ ಉಜ್ಜಿ, ಪಕ್ಕ ಮುಟ್ಟಬೇಡಿ. ಕಾರ್ಬೈಡಿನ ಧೂಳಿನಲ್ಲಿ ಕೋಬಾಲ್ಟ್ ಇರುತ್ತದೆ, ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ಬಟ್ಟೆ ಕಟ್ಟಿಕೊಂಡರೆ ಸಾಲದು, ಒಳ್ಳೆ ಮಾಸ್ಕ್ ಹಾಕಿಯೇ ಉಜ್ಜಿ.

ಪ್ರಶ್ನೆ (ಮೈಸೂರು): ತೊಟ್ಟಿಲಿಗೆ 25 ಮಿ.ಮೀ. ದಪ್ಪ, 600 ಮಿ.ಮೀ. ಉದ್ದದ ಕಡ್ಡಿ ಮಾಡುತ್ತಿದ್ದೇವೆ. ನಡುವೆ ನಡುಕ ಬಂದು ಮೈಯೆಲ್ಲ ತಿರುಚಿದ ಗುರುತು. ಮೂರು ಥರದ ಟೂಲ್ ಬದಲಿಸಿ ನೋಡಿದೆವು.

ಉತ್ತರ: ಉದ್ದ ದಪ್ಪದ 24 ಪಟ್ಟು ಇದೆ. ಹತ್ತು ಪಟ್ಟು ದಾಟಿದರೆ ನಡುವೆ ಆಸರೆ ಬೇಕೇ ಬೇಕು, ಇನ್ನೂ ಟೂಲ್ ಕೊಂಡು ಸುಮ್ನೆ ದುಡ್ಡು ಕಳೆಯಬೇಡಿ. ಟೂಲಿನ ಜೊತೆಗೇ ಸರಿಯುವ ಬಳೆಯಂಥ ಸ್ಟೆಡಿ ನಿಮ್ಮ ಯಂತ್ರಕ್ಕೆ ಸಿಗುತ್ತದಾ ಕೇಳಿ. ಅದರಲ್ಲಿ ಮುಂದಿನ ಒರಟು ಟೂಲ್ ಮರವನ್ನು ಬಳೆಯ ಅಳತೆಗೆ ಗುಂಡು ಮಾಡುತ್ತದೆ, ಬಳೆ ಹಿಡಿದುಕೊಳ್ಳುತ್ತದೆ, ಹಿಂದಿನ ಚೂಪು ಟೂಲ್ ಆಕಾರ ತೆಗೆಯುತ್ತದೆ. ಬಳೆಯ ಅಳತೆಗೆ ಸರಿಯಾದ ರೀಪು ಹಾಕಬೇಕು, ಸಡಿಲ ಇದ್ದರೆ ಉಪಯೋಗ ಇಲ್ಲ. ಅಲ್ಲಿಯವರೆಗೆ ಸಣ್ಣ ಮೂತಿಯ ಟೂಲ್ ಹಾಕಿ, ತೆಳುವಾಗಿ ತೆಗೆಯಿರಿ, ಟೇಲ್ ಸ್ಟಾಕ್‌ನ ಬಿಗಿ ಸ್ವಲ್ಪ ಇಳಿಸಿ. ಜಾಸ್ತಿ ಬಿಗಿದರೆ ಕಡ್ಡಿ ಬಿಲ್ಲಿನಂತೆ ಬಾಗಿ ಇನ್ನೂ ನಡುಗುತ್ತದೆ. ಇಂಥ ಕಡ್ಡಿ ಮುರಿದು ಹಾರುವುದೂ ಉಂಟು, ಮುಖಕ್ಕೆ ಶೀಲ್ಡ್ ಹಾಕಿ, ಕೈಗೆ ಮಾತ್ರ ಗ್ಲೌಸ್ ಬೇಡ, ತಿರುಗುವ ಮರಕ್ಕೆ ಅದು ಸಿಕ್ಕಿದರೆ ಕೈಯನ್ನೇ ಎಳೆದುಕೊಳ್ಳುತ್ತದೆ.